ಮೂರನೇ ಕಂಬದ ಗುಂಡಿ

ಗೋಳಿಕಡವಿನ ಸೇತುವೆಯ ಬೆನ್ನು ಉಜ್ಜುವವಳು ಮಂಜಿ. ಊರವರು ಹಾಗೆ ಹೇಳಿ ಅವಳನ್ನು ಕಿಚಾಯಿಸುತ್ತಿದ್ದರು. ಅವಳೇನೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ, ಮಾತು ಸುಳ್ಳೂ ಆಗಿರಲಿಲ್ಲ. ಯಲ್ಲಾಪುರ ದಾಟಿ ಘಟ್ಟದ ಕಡೆ ಹೋಗುವ ಹೆದ್ದಾರಿ ಬೇಡ್ತಿ ಹೊಳೆಯನ್ನು ಹಾಯುವಲ್ಲಿ ಆ ಸೇತುವೆ. ಬೆಳಿಗ್ಗೆ ಕಸಬರಿಗೆ, ಒಂದು ಕಬ್ಬಿಣದ ಸರಳು, ಹಳೇ ಬಕೆಟ್ಟು ಹಿಡಿದು ಈ ತುದಿಯಿಂದ ಹೊರಟರೆ ಬಿಸಿಲೇರುವಷ್ಟರಲ್ಲಿ ಆ ತುದಿ ಮುಟ್ಟಬೇಕು. ಅಂಚಿನ ಮಣ್ಣು ಗುಡಿಸಬೇಕು. ನೀರು ಇಳಿಯುವ ತೂತುಗಳಲ್ಲಿ ಸಿಕ್ಕಿಕೊಂಡ ಎಲೆ, ಗುಟ್ಕಾ ಚೀಟಿ, ಪ್ಲಾಸ್ಟಿಕ್ಕನ್ನು ಸರಳಿನಿಂದ ಚುಚ್ಚಿ ತೆಗೆಯಬೇಕು. ಕಾಂಕ್ರೀಟಿನ ಸಂದಿಯಲ್ಲಿ ತಲೆಯೆತ್ತಿದ ಅಶ್ವತ್ಥದ ಸಸಿಗಳನ್ನು ಕೀಳಬೇಕು. ಅಶ್ವತ್ಥ ಕೀಳುವ ಮೊದಲು ಅವಳು ಕೆನ್ನೆ ಮುಟ್ಟಿಕೊಂಡು ತಪ್ಪಾಯ್ತು ಅನ್ನುತ್ತಿದ್ದಳು, ಆಮೇಲೆ ಬೇರು ಸಮೇತ ಎಳೆದು ಹೊಳೆಗೆ ಎಸೆಯುತ್ತಿದ್ದಳು. ದೇವರ ಮರವಾದರೂ ಬೇರು ಬಿಟ್ಟರೆ ಸೇತುವೆ ಸೀಳುತ್ತದೆ. ಅಷ್ಟು ಅವಳಿಗೆ ಗೊತ್ತಿತ್ತು.

ಈ ಕೆಲಸ ಅವಳಿಗೆ ಹೇಗೆ ಬಂತು ಎನ್ನುವುದನ್ನು ಹೇಳಲೇಬೇಕು. ಸೇತುವೆ ಕಟ್ಟುವಾಗ ಅವಳ ಗಂಡ ಮಾಸ್ತಿ ಅಲ್ಲೇ ಕೂಲಿಗಿದ್ದ. ಹೊಳೆಯ ನಡುವೆ ಕಂಬ ನಿಲ್ಲಿಸಲು ಬಾವಿಯ ಹಾಗಿರುವ ದೊಡ್ಡ ಕಾಂಕ್ರೀಟ್ ಬಳೆಗಳನ್ನು ಮರಳಿನೊಳಕ್ಕೆ ಇಳಿಸುತ್ತಾರೆ. ಒಳಗಿನ ಮರಳು ತೆಗೆದಷ್ಟೂ ಬಳೆ ಕೆಳಗೆ ಕೂರುತ್ತದೆ. ಬಂಡೆ ಸಿಗುವವರೆಗೆ ಇಳಿಸಬೇಕು. ಮೂರನೇ ಕಂಬದ ಹೊತ್ತಿಗೆ ಮಳೆ ತಲೆಯ ಮೇಲೆ ಬಂದಿತ್ತು, ಗುತ್ತಿಗೆದಾರನಿಗೆ ಅವಸರ. ಬಂಡೆ ಸಿಕ್ಕಿತೋ, ಸಿಕ್ಕಿತು ಅಂದರೋ, ಆ ಪುಣ್ಯಾತ್ಮರಿಗೇ ಗೊತ್ತು. ಅಂತೂ ಬಾವಿ ಮುಚ್ಚಿ ಮೇಲೆ ಕಂಬ ಎಬ್ಬಿಸಿದರು. ಹೊಳೆಗೆ ಕೆಂಪು ನೀರು ಬಂದ ದಿನ, ಕಂಬದ ಸುತ್ತ ಕಟ್ಟಿದ್ದ ಕಬ್ಬಿಣದ ಹಲಗೆಗಳನ್ನು ಬಿಚ್ಚಿ ತರಲು ಮಾಸ್ತಿಯನ್ನು ಇಳಿಸಿದರು. ಹಲಗೆ ದುಬಾರಿ ನೋಡಿ, ಹೊಳೆಪಾಲಾಗಬಾರದು. ಹಲಗೆಗಳು ಮೇಲೆ ಬಂದವು, ಮಾಸ್ತಿ ಬರಲಿಲ್ಲ.

ಹುಡುಕಿದರು. ದೋಣಿ ತಂದರು, ಬಲೆ ಹಾಕಿದರು, ಕೆಳಗಿನ ಊರುಗಳಿಗೆಲ್ಲ ಹೇಳಿ ಕಳಿಸಿದರು. ಹೆಣ ಸಿಗಲಿಲ್ಲ. ಕಡೆಗೆ ದರ್ಭೆಯ ಬೊಂಬೆ ಮಾಡಿ ಸುಟ್ಟರು. ದಿನ ಮಾಡಿದಾಗ ಬಾಳೆಲೆಯ ಮೇಲೆ ಎಡೆ ಇಟ್ಟು ಕಾಗೆ ಕರೆದರು. ಕಾಗೆಗಳು ಬಂದವು, ಬೇಲಿಯ ಮೇಲೆ ಸಾಲಾಗಿ ಕೂತವು, ಅನ್ನ ಮಾತ್ರ ಮುಟ್ಟಲಿಲ್ಲ. ಕಾದರು. ಅವನಿಗೆ ಇಷ್ಟವಿದ್ದ ಒಣಮೀನಿನ ಸಾರು ತಂದಿಟ್ಟರು, ಒಂದು ಬೀಡಿ ಹಚ್ಚಿಟ್ಟರು. ಊಹೂಂ. ಸೂರ್ಯ ಇಳಿಯುವ ಹೊತ್ತಾಯಿತು. ಮಂಜಿಗೆ ರೇಗಿಹೋಯಿತು. ಹೆಣವೂ ಇಲ್ಲ, ಕಾಗೆಯೂ ಇಲ್ಲ, ನನ್ನ ಮೇಲೆ ಇದೆಂಥ ಸಿಟ್ಟು ನಿಮಗೆ ಎಂದು ಅಳುತ್ತ ಎಲೆಯನ್ನು ಎತ್ತಿಕೊಂಡು ಹೊಳೆಗೆ ಹೋಗಿ ಮೂರನೇ ಕಂಬದ ಬುಡಕ್ಕೆ ಎಸೆದಳು. ನೀರು ಕದಡಿತು. ಮೊಳಕೈ ಉದ್ದದ ಒಂದು ಮೀನು ಮೇಲೆ ಬಂದು ಅನ್ನದ ಉಂಡೆಯನ್ನು ಬಾಯಿಗೆ ಹಾಕಿಕೊಂಡು ಮುಳುಗಿತು. ದಡದಲ್ಲಿದ್ದವರೆಲ್ಲ ನೋಡಿದರು. ಕಾಗೆಯಾಗಿ ಬರಲಿಲ್ಲ, ಮೀನಾಗಿ ಬಂದ ಅಂದರು. ಮಂಜಿ ಅಂದು ಮನೆಗೆ ಹೋಗಿ ಹೊಟ್ಟೆ ತುಂಬ ಉಂಡಳು.

ಅಂದಿನಿಂದ ದಿನಾ ಒಂದು ಹಿಡಿ ಅನ್ನ ಆ ಗುಂಡಿಗೆ. ಸೇತುವೆ ಮುಗಿದ ಮೇಲೆ, ಗಂಡನನ್ನು ಕೊಟ್ಟವಳೆಂದು ಗುಡಿಸುವ ಕೆಲಸ ಕೊಟ್ಟರು. ಅವಳಿಗೆ ಅದೂ ಒಂದು ಅನುಕೂಲವೇ ಆಯಿತು. ಕೆಲಸ ಮುಗಿಸಿ, ದಡದ ಮೆಟ್ಟು ಇಳಿದು, ಮೂರನೇ ಕಂಬದ ಹತ್ತಿರದವರೆಗೂ ಹೊಳೆಗೆ ಚಾಚಿದ ಹಾಸುಬಂಡೆಯ ಮೇಲೆ ಕೂತು ಅನ್ನ ಹಾಕುವುದು, ಊರಿನ ಸುದ್ದಿ ಹೇಳುವುದು. ಮಕ್ಕಳಿಲ್ಲ ಮರಿಯಿಲ್ಲ. ಹೇಳಿಕೊಳ್ಳಲು ಅವಳಿಗೆ ಇದ್ದದ್ದು ಆ ನೀರು.

ಗುಂಡಿ ವರ್ಷದಿಂದ ವರ್ಷಕ್ಕೆ ಹಿರಿದಾಯಿತು. ಮೊದಲು ಸೊಂಟದ ಆಳವಿದ್ದದ್ದು ಆಮೇಲೆ ತಲೆ ಮುಳುಗುವಷ್ಟಾಯಿತು, ಆಮೇಲೆ ಬಿದಿರಿನ ಗಳು ಹಾಕಿದರೂ ನೆಲ ಸಿಗದ ಹಾಗಾಯಿತು. ಮೀನು ಒಂದಿದ್ದದ್ದು ಹಿಂಡಾಯಿತು. ಬೆನ್ನು ಕಪ್ಪು, ಪಕ್ಕೆ ಹೊಂಬಣ್ಣ, ಅಂಥ ದೊಡ್ಡ ಮೀನುಗಳು ಸುತ್ತಲಿನ ಯಾವ ಮಡುವಿನಲ್ಲೂ ಇರಲಿಲ್ಲ. ಮಾಸ್ತಿ ಒಳ್ಳೆಯ ಜೀವ, ಅವನ ಜಾಗ ಬೆಳೀತಾ ಅದೆ ಎಂದು ಊರು ಅಂದಿತು. ಪಂಚಾಯ್ತಿ ಮೆಂಬರು ನಾಗಪತಿಯನ್ನಂತೂ ಕೇಳಬೇಕೇ? ತಗಡಿನ ಕಮಾನು ನಿಲ್ಲಿಸಿ 'ಮಾಸ್ತಿ ತೀರ್ಥ' ಎಂದು ಬಣ್ಣದಲ್ಲಿ ಬರೆಸಿದ, ಕೆಳಗೆ ತನ್ನ ಹೆಸರನ್ನು ಇನ್ನೂ ದೊಡ್ಡದಾಗಿ ಬರೆಸಿದ. ಹುಬ್ಬಳ್ಳಿಯಿಂದ ಬರುವ ಕಾರುಗಳು ನಿಲ್ಲತೊಡಗಿದವು. ಜನ ಮಂಡಕ್ಕಿ ಎಸೆದು, ಮೀನು ಬಾಯಿ ತೆರೆಯುವುದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋದರು. ಇದೇ ನಾಗಪತಿಯ ದೋಣಿಗಳು ಕೆಳಗಿನ ತಿರುವಿನಲ್ಲಿ ಮರಳು ಬಾಚುತ್ತಿದ್ದವು. ಅದನ್ನು ಯಾರೂ ಮೊಬೈಲಿನಲ್ಲಿ ಹಿಡಿಯಲಿಲ್ಲ.

ಮೀನಿಗೆ ಹಾಕಲು ಮಂಜಿಗೆ ಮಂಡಕ್ಕಿ ಮೂಟೆ ತಂದು ಕೊಡುತ್ತಿದ್ದವನು ಯಲ್ಲಾಪುರದ ಬಷೀರ್. ಸೇತುವೆ ಕಟ್ಟುವಾಗ ಅವನು ಕಾಂಕ್ರೀಟ್ ಕಲೆಸುವ ಗಾಡಿಯ ಡ್ರೈವರ್, ಮಾಸ್ತಿಯ ಜೋಡಿ ಒಂದೇ ಬುತ್ತಿ ಬಿಚ್ಚಿ ಉಂಡವನು. ಈಗ ಸ್ವಂತದ ಟಿಪ್ಪರ್ ಇತ್ತು. ಗೋಳಿಕಡವು ಹಾಯುವಾಗ ಮೂರನೇ ಕಂಬದ ಮೇಲೆ ಬಂದ ಕೂಡಲೇ ಎರಡು ಸಲ ಹಾರ್ನ್ ಒತ್ತುತ್ತಿದ್ದ. ಒಂದು ಮಾಸ್ತಿಗೆ, ಒಂದು ನಿನಗೆ ಎಂದು ಮಂಜಿಗೆ ಹೇಳಿದ್ದ. ಅವಳು ಅಂಚಿನಲ್ಲಿ ಗುಡಿಸುತ್ತಿದ್ದರೆ ಗಾಡಿ ನಿಧಾನ ಮಾಡಿ, ಕಿಟಕಿಯಿಂದ ತಲೆ ಹಾಕಿ, ಎಲ್ಲಾ ಬರೋಬರ್ ಐತೇನಕ್ಕಾ ಅನ್ನುತ್ತಿದ್ದ. ಬರೋಬರ್ ಐತೋ ಅನ್ನುತ್ತಿದ್ದಳು. ಅವನ ಮಾತು ಅವನಿಗೇ ತಿರುಗಿಸಿ ಹೇಳಿ ಇಬ್ಬರೂ ನಗುತ್ತಿದ್ದರು.

ಹೋದ ವರ್ಷ ಮಾವಿನಹಣ್ಣಿನ ಕಾಲ ಮುಗಿಯುವ ಹೊತ್ತಿಗೆ ಇಂಜಿನಿಯರ್ ಪ್ರತಿಭಾ ಬಂದಳು. ಹೆಗಡೆಕಟ್ಟಾದ ಹುಡುಗಿ, ಸೇತುವೆಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಸೇರಿದವಳು. ದೋಣಿಯಲ್ಲಿ ಕೂತು ಹಗ್ಗಕ್ಕೆ ಕಬ್ಬಿಣದ ಗುಂಡು ಕಟ್ಟಿ ಒಂದೊಂದೇ ಕಂಬದ ಬುಡಕ್ಕೆ ಇಳಿಬಿಟ್ಟು ನೋಡಿದಳು. ಮೂರನೇ ಕಂಬದ ಹತ್ತಿರ ಹಗ್ಗ ಹೋಗುತ್ತಲೇ ಇತ್ತು. ಅವಳ ಮುಖ ಕಪ್ಪಿಟ್ಟಿತು. ಮಳೆಗೆ ಮೊದಲು ಈ ಗುಂಡಿ ತುಂಬಿಸಿಬಿಡಬೇಕು, ದೊಡ್ಡ ಕಲ್ಲು ತರಿಸಿ ಎಂದು ಗುತ್ತಿಗೆದಾರನಿಗೆ ಹೇಳಿದಳು. ಗುಂಡಿ ಎಂಬ ಮಾತು ಮಂಜಿಯ ಕಿವಿಗೂ ಬಿತ್ತು.

ಕಲ್ಲು ತಂದವನು ಬಷೀರನೇ. ಅವನ ಟಿಪ್ಪರ್ ಮೊದಲನೆಯದು, ಹಿಂದೆ ಇನ್ನೂ ಕೆಲವು. ದಡದ ಇಳಿಜಾರಿಗೆ ಹಿಮ್ಮುಖವಾಗಿ ಬರುತ್ತಿದ್ದವನು ಕನ್ನಡಿಯಲ್ಲಿ ನೋಡಿದರೆ ಹಾಸುಬಂಡೆಯ ಮೇಲೆ ಮಂಜಿ ಕೂತಿದ್ದಾಳೆ. ಪಕ್ಕದಲ್ಲಿ ನಾಗಪತಿ, ಅವನ ಹಿಂದೆ ಊರು. ಬಷೀರ್ ಗಾಡಿ ನಿಲ್ಲಿಸಿ ಇಳಿದು ಬಂದು, ಕಲ್ಲು ಹಾಕ್ಲಿ ಬಿಡಕ್ಕಾ, ಸೇತುವೆ ನಿಲ್ಲಬೇಕಲ್ಲ ಎಂದು ಮೆಲ್ಲಗೆ ಹೇಳಿ ನೋಡಿದ. ಅವಳು ಅವನ ಕಡೆ ತಿರುಗಲೂ ಇಲ್ಲ.

ಪ್ರತಿಭಾ ಬಂಡೆಯ ಮೇಲೆ ಅವಳೆದುರು ಕೂತಳು. ಅವಳಿಗೆ ಜೋರು ಮಾಡಲು ಬರುತ್ತಿರಲಿಲ್ಲ. ತಾಳ್ಮೆಯಿಂದ ಹೇಳಿದಳು. ನೀರು ಕಂಬಕ್ಕೆ ಬಡಿದು ಸುತ್ತುತ್ತದೆ, ಸುತ್ತುವಾಗ ಬುಡದ ಮರಳು ಕೊರೆಯುತ್ತದೆ. ಕೆಳಗೆ ಮರಳು ತೆಗೆದಷ್ಟೂ ಇಲ್ಲಿಯದು ಜಾರಿ ಹೋಗುತ್ತದೆ. ಕೊರೆದಲ್ಲಿ ಗುಂಡಿ ಆಯಿತು, ಗುಂಡಿ ತಂಪಾಗಿರುವುದಕ್ಕೆ ಮೀನು ಬಂತು. ಅಶ್ವತ್ಥ ಕೀಳ್ತೀರಲ್ಲ ಮಂಜಕ್ಕಾ, ಅದು ದೇವರಲ್ವಾ, ಆದ್ರೂ ಕೀಳ್ತೀರಲ್ಲ, ಇದೂ ಹಾಗೇ ಅಂತ ತಿಳ್ಕೊಳ್ಳಿ ಅಂದಳು. ಮರಳಿನ ಮಾತು ಬಂದಾಗ ನಾಗಪತಿ ಗಂಟಲು ಸರಿಮಾಡಿಕೊಂಡು, ಇಲ್ಲಿ ಜನರ ಭಾವನೆಯ ಪ್ರಶ್ನೆ ಮೇಡಂ ಎಂದ.

ಮಂಜಿ ಎಲ್ಲ ಕೇಳಿಸಿಕೊಂಡಳು. ಅರ್ಥವಾಗಲಿಲ್ಲ ಎಂದು ಹೇಳುವಂತಿಲ್ಲ. ಅರ್ಥವಾಗಿತ್ತು, ಅದೇ ಅವಳಿಗೆ ಭಯ ತಂದದ್ದು.

"ಅಮ್ಮಾ, ನೀವು ಓದ್ದವ್ರು, ನೀವು ಹೇಳೂದು ಸರಿ ಇರೂಕೂ ಸಾಕು," ಅಂದಳು. "ಆದ್ರೆ ಅವ್ರನ್ನ ಸುಟ್ಟ ಜಾಗ ಅಂತ ಇಲ್ಲ, ಹುಗಿದ ಜಾಗ ಅಂತ ಇಲ್ಲ. ನಂಗೆ ಇರೂದು ಇದೊಂದೇ. ಅವ್ರ ಮೇಲೆ ಕಲ್ಲು ಹೇರ್ತ್ರಾ? ಹಂಗಾರೆ ಮೊದ್ಲು ನನ್ ಮೇಲೆ ಹಾಕಿ."

ಪ್ರತಿಭಾ ಎದ್ದು ದೂರ ಹೋಗಿ ಮನೆಗೆ ಫೋನು ಹಚ್ಚಿದಳು. "ಅಪ್ಪಾ, ಎಂತ ಮಾಡವು ಹೇಳಿ ಗೊತ್ತಾಗ್ತಾ ಇಲ್ಲೆ," ಎನ್ನುವಾಗ ಅವಳ ದನಿ ಒಡೆದಿತ್ತು. ಆ ಕಡೆಯಿಂದ ಏನು ಹೇಳಿದರೋ. ಗುತ್ತಿಗೆದಾರ ಮಾತ್ರ ಒಳಗೊಳಗೇ ಖುಷಿಯಾಗಿದ್ದ. ಜನ ಅಡ್ಡ ಬಂದರು ಎಂದರೆ ಕೆಲಸವೂ ಉಳಿಯಿತು, ತಪ್ಪೂ ತನ್ನದಲ್ಲ. ಮಳೆಗಾಲ ಕಳೆಯಲಿ, ಊರವರನ್ನು ಒಪ್ಪಿಸಿ ಹಾಕೋಣ ಎಂದು ಅವನೇ ದಾರಿ ತೋರಿಸಿದ. ಪೊಲೀಸರನ್ನು ಕರೆಸಿ ವಿಧವೆಯೊಬ್ಬಳನ್ನು ಎತ್ತಿ ಹಾಕಿಸುವ ಧೈರ್ಯ ಪ್ರತಿಭಾಗೆ ಬರಲಿಲ್ಲ. ಹೂಂ ಅಂದಳು. ಬಷೀರ್ ಕಲ್ಲುಗಳನ್ನು ರಸ್ತೆಯ ಪಕ್ಕ ರಾಶಿ ಸುರಿದು ಹೋದ. ನಾಗಪತಿ ಚಪ್ಪಾಳೆ ತಟ್ಟಿಸಿದ. ಮಂಜಿ ಆ ದಿನ ಗುಂಡಿಗೆ ಪಾಯಸ ಮಾಡಿ ತಂದು ಹಾಕಿದಳು.

ಮಳೆ ಹಿಡಿಯಿತು. ರಾಶಿಯ ಕಲ್ಲುಗಳ ಮೇಲೆ ಹಸಿರು ಪಾಚಿ ಬಂತು. ಹೊಳೆ ತುಂಬಿ, ಗುಂಡಿ ಯಾವುದು ಹೊಳೆ ಯಾವುದು ಎಂದು ತಿಳಿಯದ ಹಾಗೆ ಎಲ್ಲ ಒಂದೇ ಕೆಂಪಾಯಿತು. ಮಂಜಿ ಗೋಣಿಕೊಪ್ಪೆ ಹೊದ್ದು ಗುಡಿಸುತ್ತಿದ್ದಳು. ಮಳೆಗಾಲದಲ್ಲೇ ಅವಳ ಕೆಲಸ ಹೆಚ್ಚು, ತೂತು ಕಟ್ಟಿದರೆ ಸೇತುವೆಯ ಮೇಲೆ ನೀರು ನಿಲ್ಲುತ್ತದೆ.

ಆಷಾಢದ ಒಂದು ಬೆಳಿಗ್ಗೆ ಮೂರನೇ ಕಂಬದ ಮೇಲೆ ಕಸಬರಿಗೆ ಸಿಕ್ಕಿಕೊಂಡಿತು.

ಸೇತುವೆಯ ಎರಡು ತುಂಡುಗಳು ಸೇರುವಲ್ಲಿ ಅಡ್ಡಕ್ಕೆ ಕಬ್ಬಿಣದ ಪಟ್ಟಿ ಇರುತ್ತದೆ. ಎಷ್ಟೋ ವರ್ಷಗಳಿಂದ ಅವಳ ಕಸಬರಿಗೆ ಅದರ ಮೇಲೆ ಸರಾಗ ಹಾಯುತ್ತಿತ್ತು. ಅಂದು ಕಡ್ಡಿಗಳು ಪಟ್ಟಿಯ ಅಂಚಿಗೆ ತಾಗಿ ಪಟಪಟ ಮುರಿದವು. ಬಗ್ಗಿ ಕೈಯಾಡಿಸಿದಳು. ಆ ಕಡೆಯ ತುಂಡಿಗಿಂತ ಈ ಕಡೆಯದು ಬೆರಳಿನಷ್ಟು ತಗ್ಗಾಗಿತ್ತು. ಅವಳು ಹಾಗೇ ಕುಕ್ಕರಗಾಲಲ್ಲಿ ಕೂತಳು. ಪ್ರತಿಭಾ ತನ್ನ ಫೋನ್ ನಂಬರನ್ನು ಅವಳ ಮೊಬೈಲಿನಲ್ಲಿ ತಾನೇ ಹಾಕಿಕೊಟ್ಟು ಹೋಗಿದ್ದಳು, ಏನೇ ಸಣ್ಣದು ಕಂಡರೂ ಒಂದು ಫೋನ್ ಮಾಡಿ ಮಂಜಕ್ಕಾ ಎಂದಿದ್ದಳು. ಮೊಬೈಲು ಸೊಂಟದ ಚೀಲದಲ್ಲೇ ಇತ್ತು.

ಫೋನ್ ಮಾಡಿದರೆ ಏನಾಗುತ್ತದೆ? ಅವಳಿಗೆ ಅದು ಕಣ್ಣೆದುರು ಕಂಡಿತು. ಪ್ರತಿಭಾ ಓಡಿ ಬರುತ್ತಾಳೆ, ಪೊಲೀಸರು ಬರುತ್ತಾರೆ, ಈ ಸಲ ಯಾರೂ ಕೇಳುವುದಿಲ್ಲ. ಪಾಚಿ ಬಂದ ಆ ರಾಶಿ ಪೂರಾ ಗುಂಡಿಗೆ ಬೀಳುತ್ತದೆ. ಹಾಸುಬಂಡೆಯ ಮೇಲೆ ಕೂತು ಇನ್ನು ಯಾರ ಹತ್ತಿರ ಮಾತಾಡುವುದು? ಪಟ್ಟಿಯಡಿ ಜಲ್ಲಿ ಸಿಕ್ಕಿರಬೇಕು ಅಂದುಕೊಂಡಳು. ಲಾರಿ ಭಾರಕ್ಕೆ ಕಬ್ಬಿಣ ಬಗ್ಗಿರಬೇಕು ಅಂದುಕೊಂಡಳು. ನಾಳೆ ನೋಡುವಾ ಅಂದುಕೊಂಡಳು. ಮಾರನೇ ದಿನ ಕಡ್ಡಿಗಳು ಮತ್ತೆ ಮುರಿದವು. ಅವಳು ಪಟ್ಟಿ ಬಂದಲ್ಲಿ ಕಸಬರಿಗೆ ಎತ್ತಿ ಆಚೆ ಇಟ್ಟು ಗುಡಿಸುವುದನ್ನು ರೂಢಿ ಮಾಡಿಕೊಂಡಳು. ಹಾಳಾದ ಮನಸ್ಸು, ತನಗೆ ಬೇಡದ್ದನ್ನು ದಾಟಿ ಹೋಗಲು ಎಷ್ಟು ಬೇಗ ಕಲಿಯುತ್ತದೆ!

ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದೆ ಎಂಬ ಸುದ್ದಿ ಬಂದ ವಾರ ಅದು. ಒಂದು ಪಕ್ಕ ತೆರವು ಮಾಡಿ, ಗುಂಡಿಬಿದ್ದಲ್ಲಿ ಜಲ್ಲಿ ಹಾಕುತ್ತಿದ್ದರು. ಜಲ್ಲಿ ಹೊತ್ತ ಟಿಪ್ಪರುಗಳು ಬೆಳಗಿನಿಂದ ಓಡಾಡುತ್ತಿದ್ದವು. ಬಷೀರನ ಗಾಡಿ ಬಂದಾಗ ಮಳೆ ಸ್ವಲ್ಪ ಬಿಟ್ಟಿತ್ತು. ಮಂಜಿ ಸೇತುವೆಯ ಈ ತುದಿಯಲ್ಲಿ ತೂತು ಚುಚ್ಚುತ್ತಿದ್ದಳು. ಅವನು ನಿಧಾನ ಮಾಡಿ ಕಿಟಕಿಯಿಂದ ತಲೆ ಹಾಕಿದ. ಗಡ್ಡಕ್ಕೆ ಮಳೆಹನಿ ಅಂಟಿತ್ತು. ಮಂಡಕ್ಕಿ ಮೂಟೆ ನಾಳೆ ತರ್ತೀನಿ ಎಂದ. ಆಮೇಲೆ, ಪ್ರತಿ ಸಲದ ಹಾಗೆ, ಕೇಳಿದ.

"ಎಲ್ಲಾ ಬರೋಬರ್ ಐತೇನಕ್ಕಾ?"

ಮಂಜಿಯ ಕೈ ಸರಳಿನ ಮೇಲೆ ನಿಂತಿತು. ಹೇಳಿಬಿಡಬೇಕು ಎಂದು ನಾಲಿಗೆಯ ತುದಿಗೆ ಬಂತು. ಇವನಿಗೆ ಹೇಳಿದರೆ ಇವನು ಸುಮ್ಮನಿರುವವನಲ್ಲ, ಗಾಡಿ ಅಡ್ಡ ಹಾಕಿ ರಸ್ತೆಯನ್ನೇ ನಿಲ್ಲಿಸುತ್ತಾನೆ, ಅವನೇ ಆ ಮೇಡಂಗೆ ಫೋನ್ ಮಾಡುತ್ತಾನೆ. ಅಲ್ಲಿಗೆ ಗುಂಡಿಯ ಕತೆ ಮುಗಿಯಿತು.

"ಬರೋಬರ್ ಐತೋ," ಅಂದಳು. ನಗಲಿಲ್ಲ. ಅವನು ನಕ್ಕ.

ಟಿಪ್ಪರ್ ಮುಂದೆ ಹೋಯಿತು. ಅವಳು ನೋಡುತ್ತ ನಿಂತಳು. ಮೂರನೇ ಕಂಬದ ಮೇಲೆ ಒಂದು ಹಾರ್ನ್ ಕೇಳಿತು. ಎರಡನೆಯದು ಕೇಳಲಿಲ್ಲ. ಕಾಲಡಿಯ ಸೇತುವೆ ಒಮ್ಮೆ ನಡುಗಿತು, ಗುಡುಗಿನಂಥ ಸದ್ದಾಯಿತು, ಕಂಬ ಮಂಡಿಯೂರಿದ ಹಾಗೆ ಕೆಳಕ್ಕೆ ಕೂತಿತು. ಅದರ ಮೇಲಿನ ತುಂಡು ಒಂದು ಬದಿಗೆ ವಾಲಿ ಟಿಪ್ಪರನ್ನು ಜಲ್ಲಿ ಸಮೇತ ಹೊಳೆಗೆ ಸುರಿಯಿತು. ಹೊಳೆ ನುಂಗಿತು. ಎಲ್ಲ ಎಷ್ಟು ಬೇಗ ಆಯಿತೆಂದರೆ ಕೂಗಲೂ ಅವಳಿಗೆ ಹೊತ್ತು ಸಿಗಲಿಲ್ಲ. ಆಮೇಲೆ ಅವಳು ಕೂಗಿದಳು, ರಸ್ತೆಗೆ ಅಡ್ಡ ನಿಂತು ಎರಡೂ ಕೈ ಎತ್ತಿ ಕೂಗಿದಳು. ಹಿಂದೆ ಬರುತ್ತಿದ್ದ ಬಸ್ಸು ನಿಂತಿತು. ನೀನು ದೇವರ ಹಾಗೆ ಅಡ್ಡ ಬಂದೆ, ನಿನ್ನಿಂದ ನಾವು ಬದುಕಿದೆವು ಎಂದು ಬಸ್ಸಿನವರು ಅವಳ ಕಾಲು ಹಿಡಿದರು. ಅವಳು ಕಾಲು ಎಳೆದುಕೊಂಡು ಅಂಚಿಗೆ ಹೋಗಿ ಹೊಳೆಯ ಕಡೆ ಬಗ್ಗಿ ನೋಡಿದಳು.

ನೀರು ಇಳಿದಾಗ ಕ್ರೇನು ತಂದು ಟಿಪ್ಪರ್ ಎತ್ತಿದರು. ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ದೋಣಿ ಬಂತು, ಬಲೆ ಬಂತು, ಕೆಳಗಿನ ಊರುಗಳಿಗೆ ಹೇಳಿ ಕಳಿಸಿದರು. ಎಲ್ಲ ಮೊದಲಿನ ಹಾಗೇ. ಬಷೀರ್ ಸಿಗಲಿಲ್ಲ.

ಅವನ ಹೆಂಡತಿ ಅಮೀರುನ್ನಿಸಾ ಮಗಳು ಶಾಜಿಯಾಳ ಕೈ ಹಿಡಿದುಕೊಂಡು ಯಲ್ಲಾಪುರದಿಂದ ಬಸ್ಸಿನಲ್ಲಿ ಬಂದು ದಡದಲ್ಲಿ ಕೂರುತ್ತಿದ್ದಳು. ಸಂಜೆ ವಾಪಸು ಹೋಗುತ್ತಿದ್ದಳು. ಜಮಾತಿನವರು ಸತ್ತವರಿಗೆ ಮಾಡುವ ನಮಾಜನ್ನು ಮಸೀದಿಯಲ್ಲಿ ಮಾಡಿ ಮುಗಿಸಿದ್ದರು. ಅವಳಿಗೆ ಅದು ಮುಗಿದಿರಲಿಲ್ಲ. ಮಂಜಿ ಅವಳಿಗೆ ಚಾ ಮಾಡಿ ತಂದು ಕೊಡುತ್ತಿದ್ದಳು. ಅಮೀರುನ್ನಿಸಾ ಲೋಟ ಹಿಡಿದು, ನಿಮ್ಮ ಹೆಸರು ನಮ್ಮನೇಲಿ ದಿನಾ ಬರ್ತಿತ್ತು ಅಕ್ಕಾ, ಮಂಜಕ್ಕನ ಮಂಡಕ್ಕಿ ಅಂತ ಮರೀದೆ ಇಳಿಸ್ತಿದ್ರು ಅನ್ನುತ್ತಿದ್ದಳು. ಮಂಜಿ ಖಾಲಿ ಲೋಟ ತೆಗೆದುಕೊಂಡು ಹೋಗುತ್ತಿದ್ದಳು. ಮನೆಗೆ ಹೋಗಿ ಅನ್ನದ ಪಾತ್ರೆ ಮುಂದಿಟ್ಟುಕೊಂಡರೆ ಒಂದು ತುತ್ತೂ ಇಳಿಯುತ್ತಿರಲಿಲ್ಲ. ಊರಲ್ಲಿ ಒಬ್ಬರೂ ಅವಳನ್ನು ಬೈಯಲಿಲ್ಲ. ಬೈದರೆ ಚಪ್ಪಾಳೆ ತಟ್ಟಿದವರೆಲ್ಲ ತಮ್ಮನ್ನೂ ಬೈದುಕೊಳ್ಳಬೇಕಾಗುತ್ತಿತ್ತಲ್ಲ! ತಪ್ಪೆಲ್ಲ ಇಂಜಿನಿಯರ್ ಹುಡುಗಿಯದು ಎಂದು ನಾಗಪತಿ ಪೇಪರಿನವರಿಗೆ ಹೇಳಿದ.

ದೀಪಾವಳಿ ಕಳೆದು ಹೊಳೆ ತಿಳಿಯಾಯಿತು. ಕುಸಿದು ಕೂತಿದ್ದ ಮೂರನೇ ಕಂಬದ ಬುಡದಲ್ಲಿ ಗುಂಡಿ ಇನ್ನೂ ಇತ್ತು, ಮೊದಲಿಗಿಂತ ಹಿರಿದಾಗಿ, ಹಸಿರಾಗಿ. ಮೀನುಗಳೂ ಇದ್ದವು. ಕುಸಿದ ಕಂಬ ಪಕ್ಕದ ತುಂಡನ್ನೂ ಎಳೆಯುವ ಮೊದಲು ಕಲ್ಲು ತುಂಬಿಸಿ ಹಿಡಿದು ನಿಲ್ಲಿಸಬೇಕಿತ್ತು. ಪ್ರತಿಭಾಳನ್ನೇ ಕಳಿಸಿದರು. ಅವಳ ಮೇಲೆ ವಿಚಾರಣೆ ನಡೆಯುತ್ತಿತ್ತು. ಹುಡುಗಿ ಅರ್ಧ ಆಗಿದ್ದಳು. ಪಾಚಿ ಬಂದ ಅದೇ ರಾಶಿಯ ಕಲ್ಲುಗಳನ್ನು ಜೆಸಿಬಿ ಟಿಪ್ಪರಿಗೆ ತುಂಬಿತು. ಟಿಪ್ಪರ್ ದಡದ ಇಳಿಜಾರಿಗೆ ಹಿಮ್ಮುಖವಾಗಿ ಬಂತು.

ಹಾಸುಬಂಡೆಯ ಮೇಲೆ ಅಮೀರುನ್ನಿಸಾ ಕೂತಿದ್ದಳು. ಮಂಜಿ ಕೂತಿದ್ದ ಜಾಗದಲ್ಲೇ, ಮಂಜಿ ಕೂತ ಹಾಗೇ. ಅವರು ಸಿಗೋವರೆಗೂ ಕಲ್ಲು ಹಾಕಬೇಡಿ ಎಂದು ಅಳದೆ, ಕೂಗದೆ ಹೇಳಿದಳು. ಒಂದು ಹಿಡಿ ಮಣ್ಣು ಕೊಡದೆ ನಾನು ಏಳೋದಿಲ್ಲ ಅಂದಳು. ಶಾಜಿಯಾ ದುಪಟ್ಟಾದ ಅಂಚು ಕಚ್ಚಿಕೊಂಡು ತಾಯಿಯ ಹಿಂದೆ ನಿಂತಿದ್ದಳು.

ಊರು ಸೇರಿತು. ಈ ಸಲ ಊರಿಗೆ ತಾಳ್ಮೆಯಿರಲಿಲ್ಲ. ಸೇತುವೆಯಿಲ್ಲದೆ ಸುತ್ತು ಬಳಸಿ ತಿರುಗಿ ಎಲ್ಲರಿಗೂ ಸಾಕಾಗಿತ್ತು. ಹೀಗೆಲ್ಲ ಸರ್ಕಾರಿ ಕೆಲಸಕ್ಕೆ ಅಡ್ಡ ಕೂತ್ರೆ ಹೇಗೆ, ಎಬ್ಬಿಸಿ ಅವಳನ್ನ ಎಂದ ನಾಗಪತಿ. ಯಾರೋ ಪೊಲೀಸರಿಗೆ ಫೋನ್ ಹಚ್ಚಿಯೂ ಆಗಿತ್ತು. ಭಾವನೆಯ ಪ್ರಶ್ನೆ ಯಾರ ಬಾಯಲ್ಲೂ ಬರಲಿಲ್ಲ. ಮಾಸ್ತಿಗೆ ಗುಂಡಿ ಬೇಕಿತ್ತು, ಬಷೀರನಿಗೆ ಬೇಡವಂತೆ. ಕೇಳುತ್ತಿದ್ದ ಮಂಜಿಯ ಮೈಯೆಲ್ಲ ಉರಿಯಿತು. ಥೂ ಎಂದು ನಾಗಪತಿಯ ಮುಖಕ್ಕೆ ಉಗಿಯಬೇಕೆನಿಸಿತು. ಆದರೆ ಉಗಿಯಲು ತನ್ನ ಬಾಯಿ ಏನು ಶುದ್ಧ?

ಪ್ರತಿಭಾ ಯಾರ ಕಡೆಯೂ ನೋಡದೆ ಮಂಜಿಯ ಹತ್ತಿರ ಬಂದಳು. ನೀವು ಹೇಳಿದ್ರೆ ಕೇಳ್ತಾರೇನೋ ಎಂದಷ್ಟೇ ಅಂದಳು. ಅದರಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಮಂಜಿಗೆ ಸುಲಭವಾಗುತ್ತಿತ್ತು.

ಮಂಜಿ ಇಳಿದು ಹೋಗಿ ಅಮೀರುನ್ನಿಸಾಳ ಪಕ್ಕ ಕೂತಳು. ಇಬ್ಬರೂ ನೀರು ನೋಡಿದರು. ಕೆಳಗೆ ಹೊಂಬಣ್ಣದ ಪಕ್ಕೆಗಳು ನಿಧಾನ ತಿರುಗಾಡುತ್ತಿದ್ದವು. ಅಮೀರುನ್ನಿಸಾ ಅವಳ ಕೈ ಹಿಡಿದುಕೊಂಡಳು. ನೀವಾದ್ರೂ ಹೇಳಿ ಇವ್ರಿಗೆ, ನಿಮ್ಮವ್ರು ಇಲ್ಲೇ ಅದಾರಲ್ಲ, ನಮ್ಮವ್ರೂ ಇಲ್ಲೇ ಅವ್ರ ಜೋಡಿ ಅದಾರೆ, ಇಬ್ರೂ ದೋಸ್ತರು ಅಲ್ವಾ ಅಂದಳು. ಅವಳ ಅಂಗೈ ಬಿಸಿಯಾಗಿತ್ತು. ಹೌದು ಅಂದುಬಿಟ್ಟರೆ ಮುಗಿಯಿತು. ಇಬ್ಬರೂ ಇಲ್ಲಿ ದಿನಾ ಬಂದು ಕೂರಬಹುದು. ಒಬ್ಬಳಿಗೆ ಇನ್ನೊಬ್ಬಳು, ಗುಂಡಿ ಇಬ್ಬರಿಗೂ. ಆಸೆ ಎಷ್ಟು ದೊಡ್ಡದಾಗಿ ಬಂತೆಂದರೆ ಮಂಜಿ ಕಣ್ಣು ಮುಚ್ಚಿಕೊಂಡಳು. ಮುಚ್ಚಿದಾಗ ಒಂದೇ ಒಂದು ಹಾರ್ನ್ ಕೇಳಿತು.

"ಇಲ್ಲಿ ಯಾರೂ ಇಲ್ಲ, ತಂಗೀ," ಅಂದಳು. "ನಿಮ್ಮವ್ರು ಇಲ್ಲ. ನಮ್ಮವ್ರೂ ಇರ್ಲಿಲ್ಲ."

ಅಮೀರುನ್ನಿಸಾ ತಿರುಗಿ ನೋಡಿದಳು.

"ಬರೀ ಮೀನು. ಅನ್ನ ಹಾಕ್ದೆ, ತಿಂದ್ವು. ಕಂಬದ ಬುಡ ಕರಗ್ತಾ ಇತ್ತು, ನಾ ಅದ್ಕೆ ಅನ್ನ ಹಾಕ್ತಾ ಕೂತೆ."

"ಹಂಗಾದ್ರೆ ಅವತ್ತು ಯಾಕ್ ಕೂತಿದ್ರಿ ಇಲ್ಲಿ?"

ಮಂಜಿಯ ಬಾಯಿಗೆ ಬಂದದ್ದು ಬೇರೆ ಮಾತು. ಅದನ್ನು ಯಾರೂ ಕೇಳಿರಲಿಲ್ಲ, ಕೇಳದೆಯೂ ಹೇಳಬೇಕಾದ ಮಾತು ಅದೊಂದೇ ಇತ್ತು.

"ಮೇಲೆ ಪಟ್ಟಿ ತಗ್ಗಾಗಿತ್ತು. ಕಸಬರಿಗೆ ಸಿಕ್ಕ್ತಿತ್ತು. ನಂಗೆ ಗೊತ್ತಿತ್ತು. ಅವ್ರು ಗಾಡಿ ನಿಧಾನ ಮಾಡಿ ಕೇಳಿದ್ರು, ಎಲ್ಲಾ ಬರೋಬರ್ ಐತೇನಕ್ಕಾ ಅಂತ. ಐತಿ ಅಂದೆ."

ಅಮೀರುನ್ನಿಸಾ ಹಿಡಿದಿದ್ದ ಕೈಯನ್ನು ಬಿಟ್ಟಳು. ಹೊಡೆಯಬಹುದು, ನೂಕಬಹುದು ಎಂದು ಮಂಜಿ ಕಾದಳು. ಹೊಡೆದರೆ ಒಳ್ಳೆಯದಿತ್ತು. ಅವಳು ಏನೂ ಮಾಡಲಿಲ್ಲ. ಎದ್ದು, ಬುರ್ಖಾಕ್ಕೆ ಅಂಟಿದ ಮರಳು ಕೊಡವಿ, ಮಗಳ ಕೈ ಹಿಡಿದುಕೊಂಡು ಮೆಟ್ಟು ಹತ್ತಿದಳು. ತಗಡಿನ ಕಮಾನಿನ ಕೆಳಗೆ ಹಾದು ಬಸ್ಸಿನ ಕಡೆ ನಡೆದಳು. ಹಿಂದೆ ತಿರುಗಲಿಲ್ಲ. ಇನ್ನು ಅವಳು ಇಲ್ಲಿಗೆ ಬರುವುದಿಲ್ಲ, ಮಂಜಿಗೆ ಅದು ಗೊತ್ತಾಯಿತು. ಬೆಳಿಗ್ಗೆ ಮಂಜಿ ತಂದುಕೊಟ್ಟ ಚಾ ಲೋಟ ಬಂಡೆಯ ಮೇಲೇ ಇತ್ತು.

ಪ್ರತಿಭಾ ಟಿಪ್ಪರಿನವನಿಗೆ ಕೈ ಮಾಡಿದಳು. ಮಂಜಿ ಲೋಟ ಎತ್ತಿಕೊಂಡು ಬದಿಗೆ ಸರಿದು ನಿಂತಳು. ಟಿಪ್ಪರಿನ ಬೆನ್ನು ಎದ್ದಿತು. ಮೊದಲ ಕಲ್ಲು ಧಡಮ್ಮೆಂದು ನೀರಿಗೆ ಬಿತ್ತು. ಸದ್ದು ಕೇಳಿದ್ದೇ ತಡ, ಊಟ ಬಂತೆಂದು ಮೀನುಗಳೆಲ್ಲ ಹಿಂಡು ಹಿಂಡಾಗಿ ಮೇಲೆ ಬಂದು, ಬೀಳುವ ಕಲ್ಲುಗಳಿಗೆ ಬಾಯಿ ತೆರೆದವು.